ಬಡ ತಮ್ಮ ಕಲಿಸಿದ ಪಾಠ

ಒಂದು ಕಾಲಕ್ಕೆ ನಾನೂ ಗಿಗಾಹರ್ಟ್ಸ್ ನೋಡಿಯೇ ಪ್ರೊಸೆಸರ್ ತೂಗುತ್ತಿದ್ದವನು. ಸಂಖ್ಯೆ ದೊಡ್ಡದಿದ್ದರೆ ಯಂತ್ರ ಚುರುಕು, ಅಷ್ಟೇ! ಲ್ಯಾಪ್‌ಟಾಪ್ ಅಂದರೆ ವರ್ಕ್‌ಸ್ಟೇಷನ್ನಿನ ಬಡ ತಮ್ಮ ಅಂದುಕೊಂಡಿದ್ದೆ. ಆ ನಂಬಿಕೆ ಕೆಡಿಸಿದ್ದು ಇಂಟೆಲ್‌ನ ಚರಿತ್ರೆಯೇ.

2003ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪಿಗೆಂದೇ ಪೆಂಟಿಯಂ ಎಂ ಬಂತು. ಇಸ್ರೇಲಿನ ಹೈಫಾ ತಂಡದ ಕೂಸು. 1.6 ಗಿಗಾಹರ್ಟ್ಸ್, 24.5 ವ್ಯಾಟ್. ಮರುವರ್ಷ ವರ್ಕ್‌ಸ್ಟೇಷನ್ನಿಗೆ ಬಂದ ಜಿಯಾನ್ 3.6 ಗಿಗಾಹರ್ಟ್ಸ್, 103 ವ್ಯಾಟ್. ಗಡಿಯಾರ ಎರಡು ಪಟ್ಟು ಚಿಲ್ಲರೆ, ಬಿಸಿ ನಾಲ್ಕು ಪಟ್ಟು! ಕೆಲಸ ಮಾತ್ರ ಆ ಲೆಕ್ಕದಲ್ಲಿ ಏರಲಿಲ್ಲ. ಗಡಿಯಾರ ಓಡಿಸಲೆಂದೇ ಪೈಪ್‌ಲೈನನ್ನು 31 ಹಂತಕ್ಕೆ ಎಳೆದಿದ್ದರು. ಮುಂದಿನ ಕವಲನ್ನು ತಪ್ಪಾಗಿ ಊಹಿಸಿದರೆ ಒಳಹೊಕ್ಕ ಕೆಲಸವೆಲ್ಲ ನೀರುಪಾಲು. ಬ್ಯಾಟರಿ ಉಳಿಸಲೇಬೇಕಿದ್ದ ಪೆಂಟಿಯಂ ಎಂ, ಪ್ರತಿ ಬಡಿತದಲ್ಲೂ ಹೆಚ್ಚು ದುಡಿಯೋದನ್ನು ಕಲಿತಿತ್ತು.

2004ರ ಮೇ ತಿಂಗಳಲ್ಲಿ ಇಂಟೆಲ್ ಗಿಗಾಹರ್ಟ್ಸ್ ಓಟದ ಮುಂದಿನ ಚಿಪ್ ಟೇಜಸ್ ಅನ್ನು ಕೈಬಿಟ್ಟಿತು. 2006ರ ಜೂನ್‌ನಲ್ಲಿ ಬಂದ ಜಿಯಾನ್ 5160 ಪೆಂಟಿಯಂ ಎಂ ವಂಶದ್ದೇ: ಎರಡು ಕೋರ್, 3 ಗಿಗಾಹರ್ಟ್ಸ್, 80 ವ್ಯಾಟ್.

ವರ್ಕ್‌ಸ್ಟೇಷನ್ ದಂಡ ಅಂತಲ್ಲ. ಎರಡು ಸಾಕೆಟ್, ತಪ್ಪು ತಿದ್ದಿಕೊಳ್ಳುವ ಮೆಮೊರಿ ಅದರ ಹೆಚ್ಚುಗಾರಿಕೆ. ಆದರೆ ಅಣ್ಣನ ಮನೆ ಉಳಿಸಿದ್ದು ಬಡ ತಮ್ಮನ ಮಿತವ್ಯಯ. ನೀವೇನಂತೀರಿ?