ಬೆಟ್ಟ ಹತ್ತಿದ ಸೈಕಲ್ಲು ಕಣಿವೆಗೆ ಇಳಿಯಲಿಲ್ಲ

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನ ರಸ್ತೆ ಹಿಡಿದರೆ, ಕಾರಿನಲ್ಲಿ ಕೂತವರ ಗಮನಕ್ಕೇ ಬಾರದ ಒಂದು ಸಂಗತಿ ಸೈಕಲ್ಲಿನವರ ಮೊಣಕಾಲಿಗೆ ತಿಳಿಯುತ್ತದೆ. ನೆಲ ಇಳಿಯುತ್ತಿದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗೌರಿಬಿದನೂರು 700ರ ಆಸುಪಾಸು. ನಡುವೆ ಮಂಚೇನಹಳ್ಳಿ, ಮೊನ್ನೆ ಮೊನ್ನೆಯವರೆಗೆ ಹೋಬಳಿಯಾಗಿದ್ದು ಈಗ ತಾಲ್ಲೂಕಾಗಿರುವ ಊರು. ಒಂದು ಅರ್ಧ ದಿನ ಪೆಡಲು ತುಳಿದವರಿಗೆ ಈ ಇಳಿಜಾರು ಯಾರ ಕೆಲಸವೆಂದು ಕೇಳಬೇಕೆನಿಸುತ್ತದೆ. ಅದು ಉತ್ತರ ಪಿನಾಕಿನಿ ನದಿಯ ಕೆಲಸ.

ನಂದಿ ಬೆಟ್ಟ ಮತ್ತು ಅದರ ಅಕ್ಕಪಕ್ಕದ ಗಿರಿಗಳು ನೀರು ಹಂಚುವ ಕಟ್ಟೆಯ ಹಾಗೆ ಕೂತಿವೆ. ಅರ್ಕಾವತಿ, ಚಿತ್ರಾವತಿ, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ ಎಲ್ಲವೂ ಈ ಸೀಮೆಯ ಬೆಟ್ಟಗಳ ಮಕ್ಕಳು. ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೆ ಇಳಿದು ಕನಕಪುರದಾಚೆ ಕಾವೇರಿ ಸೇರಿದರೆ, ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ, ಆಂಧ್ರ ಹೊಕ್ಕು, ಒಟ್ಟು ಸುಮಾರು 600 ಕಿ.ಮೀ. ನಡೆದು ನೆಲ್ಲೂರಿನಾಚೆ ಸಮುದ್ರ ಕಾಣುತ್ತದೆ. ಇದೇ ಬೆಟ್ಟಗಳ ಸುತ್ತ ದ್ರಾಕ್ಷಿಯೂ ಬೆಳೆಯುತ್ತದೆ. ನದಿ, ದ್ರಾಕ್ಷಿ, ಸೈಕಲ್ಲು ಮೂರೂ ಒಂದೇ ಕಡೆ ಇದ್ದೂ ಇಲ್ಲಿಯ ಸೈಕಲ್ ಪ್ರವಾಸ ಬೆಟ್ಟದ ತುದಿಗೆ ಹೋಗಿ ತಿರುಗಿ ಬರುವುದಕ್ಕೇ ನಿಂತುಹೋಯಿತು. ಅದು ಹೇಗೆ ಹಾಗಾಯಿತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೈಕಲ್ಲಿನಲ್ಲಿ ಊರು ಸುತ್ತುವ ಹವ್ಯಾಸಕ್ಕೆ ಸಂಘಟನೆಯ ರೂಪ ಬಂದದ್ದು ಇಂಗ್ಲೆಂಡಿನಲ್ಲಿ, 1878ರಲ್ಲಿ ಹುಟ್ಟಿದ ಸೈಕ್ಲಿಸ್ಟರ ಟೂರಿಂಗ್ ಕ್ಲಬ್ಬಿನಿಂದ. ಆಗಿನ್ನೂ ಮುಂದಿನ ಗಾಲಿ ಆಳೆತ್ತರ ಇರುತ್ತಿದ್ದ ಕಾಲ. 1885ರಲ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿರುವ ರೋವರ್ ಸೈಕಲ್ ಬಂತು, 1888ರಲ್ಲಿ ಡನ್ಲಪ್ ಗಾಳಿ ಟೈರು ಬಂತು. ಆಮೇಲೆ ಸಾಮಾನ್ಯರಿಗೂ ದೂರದ ಊರು ಹತ್ತಿರವಾಯಿತು. ಫ್ರಾನ್ಸಿನ ಸೇಂಟ್ ಎಟಿಯೆನ್ನಿನಲ್ಲಿ ಪಾಲ್ ದ ವಿವಿ ಎಂಬಾತ 1887ರಲ್ಲಿ ಸೈಕಲ್ಲಿಗೆಂದೇ ಒಂದು ಪತ್ರಿಕೆ ಆರಂಭಿಸಿ, ಏರು ಹತ್ತುವವರಿಗೆ ಗೇರು ಬೇಕೆಂದು ಬದುಕಿನುದ್ದಕ್ಕೂ ವಾದಿಸಿದ. ಇವತ್ತು ಲುವಾರ್ ನದಿಯ ದಂಡೆ, ಡ್ಯಾನ್ಯೂಬಿನ ವಾಖಾವು ಕಣಿವೆ, ರೈನ್ ತೀರಗಳಲ್ಲಿ ಸಾವಿರಾರು ಜನ ಹೆಂಡಿರು ಮಕ್ಕಳೊಂದಿಗೆ ವಾರಗಟ್ಟಲೆ ಸೈಕಲ್ ಹೊಡೆಯುತ್ತಾರೆ. ನದಿಯ ದಂಡೆಯಲ್ಲಿ ಏರು ಕಡಿಮೆ. ನದಿಗೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಚೆನ್ನಾಗಿ ಬೀಳುವುದರಿಂದ ದ್ರಾಕ್ಷಿ ಅಲ್ಲೇ ಬೆಳೆಯುತ್ತದೆ. ದ್ರಾಕ್ಷಿ ಇದ್ದಲ್ಲಿ ಹಳ್ಳಿ, ಹಳ್ಳಿ ಇದ್ದಲ್ಲಿ ಊಟ, ಹಾಸಿಗೆ. ದಾರಿಯನ್ನು ಯಾರೂ ಹೊಸದಾಗಿ ಹುಡುಕಬೇಕಾಗಿರಲಿಲ್ಲ.

ನಮ್ಮಲ್ಲಿ ಲೆಕ್ಕವೇ ಬೇರೆ. ಅಲ್ಲಿ ನದಿ ಬೆಳೆದು ದೊಡ್ಡದಾದ ಮೇಲೆ ಅದರ ಪಕ್ಕ ಸಾಗುವ ದಾರಿ. ಇಲ್ಲಿ ನದಿ ಹುಟ್ಟುವ ಮನೆಯಲ್ಲೇ ದಾರಿ. ಹಾಗಾಗಿ ಸಮತಟ್ಟಾದ ದಂಡೆ ಸಿಗುವುದಿಲ್ಲ. ಕೆರೆ ಏರಿ ಹತ್ತು, ಕೋಡಿ ದಾಟು, ಬಂಡೆಯ ಮಗ್ಗುಲು ಬಳಸು, ಮತ್ತೆ ಇಳಿ. ದ್ರಾಕ್ಷಿಯೂ ಇಲ್ಲಿ ಇಳಿಜಾರಿನ ಬಳ್ಳಿಯಲ್ಲ, ಚಪ್ಪರದ ಬಳ್ಳಿ.

ಸೈಕಲ್ಲು ನಮ್ಮ ಸೀಮೆಗೆ ಪ್ರವಾಸಕ್ಕೆಂದು ಬಂದದ್ದಲ್ಲ, ದುಡಿಯಲು ಬಂದದ್ದು. 1923ರಲ್ಲಿ ಮುಂಬಯಿಯ ಪಾರಸಿ ಯುವಕರ ತಂಡವೊಂದು ಸೈಕಲ್ಲಿನಲ್ಲಿ ಭೂಮಿ ಸುತ್ತಲು ಹೊರಟು, ಅವರಲ್ಲಿ ಮೂವರು 1928ರಲ್ಲಿ ಮನೆ ಮುಟ್ಟಿದರು. ಅಂಥ ಸಾಹಸ ಇದ್ದೇ ಇತ್ತು. ಆದರೆ ಅದೇ ದಶಕಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಸೈಕಲ್ಲೂ ಎಲ್ಲರ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದದ್ದು 1935ರಲ್ಲಿ. ಸ್ವಾತಂತ್ರ್ಯದ ನಂತರ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಇಲ್ಲೇ ತಯಾರಾಗತೊಡಗಿದ ಮೇಲೆ ಕಂಬಿ ಸೈಕಲ್ಲು ಹಳ್ಳಿಯ ವಾಹನವಾಯಿತು. ಮುನಿಸಿಪಾಲಿಟಿಯ ಬಿಲ್ಲೆ, ಡೈನಮೋ ದೀಪ, ಗಂಟೆ ಲೆಕ್ಕದ ಬಾಡಿಗೆ ಅಂಗಡಿ, ಸೀಟಿಗೆ ಕಾಲು ಎಟುಕದ ಹುಡುಗರ ಒಳಪೆಡಲು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮೂಟೆ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಡೇರಿಗೆ ಹೋಗುವ ಹಾಲಿನ ಕ್ಯಾನು ಎಲ್ಲವೂ ಕ್ಯಾರಿಯರಿನ ಮೇಲೆಯೇ ಸಾಗಿದವು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ, ವಿದುರಾಶ್ವತ್ಥಕ್ಕೆ ಹೋದವರಲ್ಲಿ ಸೈಕಲ್ಲಿನವರೂ ಇದ್ದರು. ಯಾರೂ ಅದನ್ನು ಪ್ರವಾಸವೆಂದು ಕರೆಯಲಿಲ್ಲ. ನನಗೆ ಮಾತ್ರ ಈ ನಾಡಿನ ಸೈಕಲ್ ಪ್ರವಾಸದ ಚರಿತ್ರೆ ಅಲ್ಲಿಂದಲೇ ಶುರುವಾಗಬೇಕೆನಿಸುತ್ತದೆ. ಕಣಿವೆಯ ಒಳದಾರಿಗಳನ್ನೆಲ್ಲ ತುಳಿದು ಹದ ಮಾಡಿದವರು ಅವರೇ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ ಹೆಣ್ಣುಮಕ್ಕಳು ಗುಂಪಾಗಿ ಆ ದಾರಿಗಳಿಗೆ ಬಂದರು. ನನ್ನ ಪಾಲಿಗೆ ಅದು ಯಾವ ದೊಡ್ಡ ರೇಸಿಗಿಂತಲೂ ಮುಖ್ಯವಾದ ಘಟನೆ.

ದ್ರಾಕ್ಷಿಯ ಕಥೆ ಇದಕ್ಕಿಂತ ಹಳೆಯದು. ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿ ಈ ಸುತ್ತಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಇದೆ. ಈಗ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ದಪ್ಪ ಸಿಪ್ಪೆ, ಒಳಗೆ ಬೀಜ. ಬೆರಳಲ್ಲಿ ಒತ್ತಿದರೆ ತಿರುಳು ಪುಳಕ್ಕನೆ ಹೊರಗೆ ಜಾರುತ್ತದೆ, ಹುಳಿಸಿಹಿಯ ಘಮ ಕೈಗೆ ಅಂಟಿಕೊಳ್ಳುತ್ತದೆ. ಸೀಳಿದ ಬಂಡೆಯ ಕಂಬಗಳನ್ನು ನೆಟ್ಟು, ಮೇಲೆ ತಂತಿ ಹೆಣೆದು, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಏಪ್ರಿಲಿನ ಮಧ್ಯಾಹ್ನ ರಸ್ತೆ ಕಾದ ಕಾವಲಿಯಾಗಿರುವಾಗ, ತೋಟದವರನ್ನು ಕೇಳಿ ಆ ಚಪ್ಪರದ ಕೆಳಗೆ ಸೈಕಲ್ ಒರಗಿಸಿ ಕೂತು ನೋಡಿ. ಬೆಳಕು ಹಸಿರಾಗಿ ಸೋಸಿ ಬೀಳುತ್ತದೆ, ತಲೆಯ ಮಟ್ಟದಲ್ಲೇ ಗೊಂಚಲು ತೂಗುತ್ತದೆ, ಕಲ್ಲುಕಂಬಕ್ಕೆ ಬೆನ್ನು ಕೊಟ್ಟರೆ ತಂಪು.

ವೈನಿನ ದ್ರಾಕ್ಷಿ ಬಂದದ್ದು ಆಮೇಲೆ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು 1988ರಲ್ಲಿ ನಂದಿಯ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಕಡೆ, ತೋಟ ಎಬ್ಬಿಸಿದರು. ಕ್ಯಾಬರ್ನೆ, ಶಿರಾಜ್ ತಳಿಗಳು ಚಪ್ಪರ ಬಿಟ್ಟು ಸಾಲು ತಂತಿಗೆ ಹಬ್ಬಿದವು. 1992ರಲ್ಲಿ ಮೊದಲ ವೈನು ಮಾರುಕಟ್ಟೆಗೆ ಬಂತು. ಹಗಲ ಬಿಸಿಲು, ರಾತ್ರಿಯ ತಂಪು, ನೀರು ನಿಲ್ಲದ ಕೆಂಪುಮಣ್ಣು: ಈ ಎತ್ತರದ ಗುಣಗಳೇ ಅದಕ್ಕೆ ಒದಗಿದವು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳನ್ನು ಬಳಕೆಗೆ ತಂದಿತು. ಮುಂದೆ ದ್ರಾಕ್ಷಾರಸ ಮಂಡಳಿಯೂ ಆಯಿತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದೂ ಅದೇ 2007ರಲ್ಲಿ.

ಇಷ್ಟರಲ್ಲಿ ಬೆಂಗಳೂರಿನಲ್ಲಿ ಗೇರು ಸೈಕಲ್ಲು ಸಿಗತೊಡಗಿತ್ತು. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ 2008ನ್ನು ಒಂದು ಗಡಿಕಲ್ಲು ಎನ್ನಬಹುದು. ಅಗಲವಾದ ಹೆದ್ದಾರಿ, ಪಕ್ಕದಲ್ಲಿ ಸರ್ವಿಸ್ ರಸ್ತೆ, ಬೆಳಗಿನ ಜಾವ ಖಾಲಿ. ಐಟಿ ಕಚೇರಿಗಳ ಯುವಕ ಯುವತಿಯರು ನಾಲ್ಕಕ್ಕೇ ಹೊರಟು ಸೂರ್ಯ ಹುಟ್ಟುವ ಹೊತ್ತಿಗೆ ನಂದಿಯಲ್ಲಿರುತ್ತಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲ ಟೂರ್ ಆಫ್ ನೀಲ್ಗಿರೀಸ್ ನಡೆದು, ಮೂರು ರಾಜ್ಯಗಳ ಘಟ್ಟಗಳಲ್ಲಿ ದಿನಗಟ್ಟಲೆ ಸೈಕಲ್ ಹೊಡೆಯುವುದು ನಮ್ಮವರಿಗೂ ಸಾಧ್ಯ ಎಂದು ತೋರಿಸಿತು. 2010ರ ಸುಮಾರಿಗೆ ಪ್ಯಾರಿಸಿನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ ಬ್ರೆವೆ ಎಂಬ ದೂರದ ಸವಾರಿಗಳು ಬಂದವು: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಗೆದ್ದವರು ಸೋತವರು ಎಂಬುದಿಲ್ಲ, ಹೊತ್ತಿನೊಳಗೆ ಮುಟ್ಟಿದರಾಯಿತು. ನಂದಿಯ ತಪ್ಪಲಿನಿಂದ ತುದಿಗೆ ಸುಮಾರು 8 ಕಿ.ಮೀ.; 1478 ಮೀಟರ್ ಎತ್ತರದ ಆ ತುದಿ ಬೆಂಗಳೂರಿನ ಸವಾರರಿಗೆ ಪರೀಕ್ಷೆಯ ಕೊಠಡಿಯಾಯಿತು. ಯಾರು ಎಷ್ಟು ನಿಮಿಷಕ್ಕೆ ಹತ್ತಿದರು ಎಂಬ ಲೆಕ್ಕ ಮೊಬೈಲಿನಲ್ಲಿ ಉಳಿಯತೊಡಗಿತು.

ನನ್ನ ತಕರಾರು ಇರುವುದು ಇಲ್ಲಿ. ಆ ಹತ್ತುವಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಕೊನೆಯ ತಿರುವುಗಳಲ್ಲಿ ನನಗೂ ಉಸಿರು ಸಿಕ್ಕಿಕೊಂಡಿದೆ. ಆದರೆ ತುದಿ ಮುಟ್ಟಿ, ಇಡ್ಲಿ ತಿಂದು, ಒಂಬತ್ತಕ್ಕೆಲ್ಲ ಹೆಬ್ಬಾಳ ಸೇರಿದರೆ ನಾವು ಯಾವ ನಾಡಿನಲ್ಲಿ ಓಡಾಡಿದೆವು? 2021ರ ಆಗಸ್ಟಿನಲ್ಲಿ ಭೂಕುಸಿತದಿಂದ ಬೆಟ್ಟದ ರಸ್ತೆ ಮುಚ್ಚಿ, ಡಿಸೆಂಬರಿನವರೆಗೂ ತೆರೆಯಲಿಲ್ಲ. ಬೆಟ್ಟದ ಆಚೆ ಮಗ್ಗುಲಿನ ಕಣಿವೆ ಮುಚ್ಚಿರಲಿಲ್ಲ.

ನನಗೆ ಆ ಮಗ್ಗುಲು ಪರಿಚಯವಾದದ್ದು ಒಂದು ಜಾಲಿಮುಳ್ಳಿನಿಂದ. ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿಯ ದಾರಿಯಾಗಿ ಮಂಚೇನಹಳ್ಳಿ ಸೇರುವಷ್ಟರಲ್ಲಿ ಹಿಂದಿನ ಗಾಲಿ ನೆಲ ಕಚ್ಚಿತ್ತು. ಪಂಕ್ಚರ್ ಅಂಗಡಿಯ ಹಿರಿಯರು ಟ್ಯೂಬನ್ನು ಹೊರಗೆಳೆದು ಬಾಂಡ್ಲಿಯ ನೀರಿನಲ್ಲಿ ಸುತ್ತ ತಿರುಗಿಸಿದರು. ಒಂದು ಕಡೆ ಸಣ್ಣ ಗುಳ್ಳೆಗಳ ಸಾಲು. ಉಜ್ಜಿ, ಸಲ್ಯೂಷನ್ ಹಚ್ಚಿ, ಆರಲು ಬಿಟ್ಟು, ಪ್ಯಾಚು ಒತ್ತಿ, ಸುತ್ತಿಗೆಯಿಂದ ಎರಡೇಟು. ಗಾಳಿ ಹೊಡೆಯಲು ಹೋದಾಗ ಪಂಪು ಹಿಡಿಯಲಿಲ್ಲ. ನನ್ನದು ತೆಳ್ಳನೆಯ ಫ್ರೆಂಚ್ ವಾಲ್ವು.

"ಇದಕ್ಕೆ ನಮ್ಮತ್ರ ಇಲ್ಲ ಸಾರ್. ಬೆಟ್ಟಕ್ಕೆ ಬರೋರ್ದೆಲ್ಲಾ ಹಿಂಗೇ ಇರ್ತದಂತೆ. ಅವ್ರು ಈ ಕಡೆ ಇಳಿಯಲ್ಲ, ನಾವು ನೋಡಿಲ್ಲ," ಎಂದರು.

ನನ್ನ ಚೀಲದಲ್ಲಿ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಇತ್ತು. ಅದನ್ನು ತಿರುಗಿಸಿ ಕೂರಿಸಿದೆ, ಪಂಪು ಹಿಡಿಯಿತು.

ಅಂದು ಗೌರಿಬಿದನೂರಿನ ಕಡೆ ಇಳಿದು ಸಂಜೆ ರೈಲಿಗೆ ಬಂದೆ. ಅಂದಿನಿಂದ ಹಲವು ಸಲ ಹೋಗಿದ್ದೇನೆ. ಈ ಕಣಿವೆಯ ಕಷ್ಟಗಳೂ ಕಣ್ಣಿಗೆ ಕಂಡಿವೆ. ಕ್ವಾರಿಯ ಟಿಪ್ಪರುಗಳು ಸೈಕಲ್ಲನ್ನು ಲೆಕ್ಕಕ್ಕಿಡುವುದಿಲ್ಲ. ರಸ್ತೆಯ ಅಂಚು ಕಿತ್ತುಹೋಗಿರುತ್ತದೆ. ಮರಳು ತೆಗೆದ ನದಿಯ ಪಾತ್ರದಲ್ಲಿ ವರ್ಷದ ಬಹುಪಾಲು ನೀರಿಲ್ಲ. ನದಿಯ ಹೆಸರು ಹೇಳಿ ಕರೆದುಕೊಂಡು ಹೋದವರಿಗೆ ಮರಳಿನ ಗುಂಡಿ ತೋರಿಸುವಾಗ ನೋವಾಗುತ್ತದೆ. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದಾಗ ಜನ ಮಕ್ಕಳನ್ನು ಎತ್ತಿಕೊಂಡು ನೋಡಲು ಬಂದದ್ದನ್ನು ನೆನೆದರೆ, ಈ ಸೀಮೆಯವರಿಗೆ ನೀರೆಂದರೆ ಏನೆಂದು ಅರ್ಥವಾಗುತ್ತದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲಕ್ಕೆ ಅದು ಆಸರೆ; ಆದರೆ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು. ಅದೇ ನೀರಿನ ಸೀಮೆಯ ದ್ರಾಕ್ಷಿ, ಸೊಪ್ಪು, ಹಾಲು ಮತ್ತೆ ಬೆಂಗಳೂರಿಗೇ ಹೋಗುತ್ತದೆ.

ಹೋಗುವುದಾದರೆ ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಅಗಲ ಟೈರು ಇರಲಿ. ಮೊದಲ ದಿನ ಮಾಕಳಿದುರ್ಗದ ದಾರಿಯಲ್ಲಿ ಕಣಿವೆಗೆ ಇಳಿದು ಮಂಚೇನಹಳ್ಳಿ, ಗೌರಿಬಿದನೂರು, 1938ರ ಗೋಲಿಬಾರಿನ ನೆನಪಿನ ವಿದುರಾಶ್ವತ್ಥ. ಎರಡನೆಯ ದಿನ ಅದೇ ಕಣಿವೆಯನ್ನು ಹತ್ತಿ ಚಿಕ್ಕಬಳ್ಳಾಪುರ, ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ, ಭೋಗನಂದೀಶ್ವರನ ಗುಡಿ. ವೈನ್ ತೋಟ ನೋಡುವುದನ್ನು ಸವಾರಿಯ ಕೊನೆಗೆ ಇಟ್ಟುಕೊಳ್ಳಿ. ರುಚಿ ನೋಡಿದ ಮೇಲೆ ಸೈಕಲ್ ಏರಬಾರದು. ದಾರಿಯಲ್ಲಿ ದ್ರಾಕ್ಷಿಯನ್ನು ತೋಟದವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.

ಮಂಚೇನಹಳ್ಳಿಯ ಆ ಅಂಗಡಿಗೆ ಎರಡನೆಯ ಸಲ ಹೋದಾಗ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಅಲ್ಲೇ ಬಿಟ್ಟು ಬಂದೆ. ಹಿರಿಯರು ಅದನ್ನು ದಾರಕ್ಕೆ ಪೋಣಿಸಿ ಪಂಪಿನ ಹಿಡಿಗೆ ಕಟ್ಟಿದರು. ಹೋದ ತಿಂಗಳು ನೋಡಿದೆ, ಹಾಗೇ ಇದೆ. ಬಳಸಿ ಬಳಸಿ ಅಂಚು ಹೊಳಪಾಗಿದೆ.