ನಗುವಿನ ಒಡೆತನ



ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಪೂರ್ವದಲ್ಲಿರುವ ಬೈಯಪ್ಪನಹಳ್ಳಿಯಲ್ಲಿ ವಾಸಿಸುವವನಾದ ನನಗೆ, ರಾತ್ರಿಯ ಹೊತ್ತಿನಲ್ಲಿ ಮದರಾಸಿನ ಕಡೆಯಿಂದ ಬರುವ ರೈಲಿನ ಸದ್ದು ನಿದ್ದೆಯ ಒಂದು ಅಂಗವೇ ಆಗಿಬಿಟ್ಟಿದೆ. ಜೋಲಾರಪೇಟೆಯಿಂದ ದಂಡಿನ ನಿಲ್ದಾಣದವರೆಗಿನ ಈ ಹಾದಿ ತೆರೆದದ್ದು 1864ರಲ್ಲಿ. ಬಿಳಿಯ ಪಟಾಲಮ್ಮುಗಳೂ ಅವುಗಳ ವಿನೋದಕ್ಕೆ ಬೇಕಾದ ಸೀಮೆಯ ಸರಕುಗಳೂ ಬಹುಮಟ್ಟಿಗೆ ಈ ಹಾದಿಯಿಂದಲೇ ಊರನ್ನು ಸೇರುತ್ತಿದ್ದವು. ಊರಿನ ಇನ್ನೊಂದು ಮಗ್ಗುಲಿನಲ್ಲಿ ತುಮಕೂರು, ಗುಬ್ಬಿಗಳನ್ನು ಹಾಯ್ದುಹೋಗುವ ಮತ್ತೊಂದು ರೈಲುಹಾದಿಯುಂಟು. ಒಂದು ಹಾದಿ ಯಂತ್ರದ ನಗುವಿನ ಕಡೆಗೆ, ಇನ್ನೊಂದು ಡೇರೆಯ ನಗುವಿನ ಕಡೆಗೆ. ಈ ಎರಡು ನಗುಗಳನ್ನು ಕುರಿತು, ಮುಖ್ಯವಾಗಿ ಅವುಗಳ ಒಡೆಯರು ಯಾರಾಗಿದ್ದರು ಎಂಬುದನ್ನು ಕುರಿತು, ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನು 1902ರಲ್ಲಿ ಕಲ್ಕತ್ತೆಗೆ ಬಂದು, ಅದೇ ವರ್ಷದ ನವೆಂಬರಿನಲ್ಲಿ ಗೋಹರ್ ಜಾನ್ ಅವರ ಗಾನವನ್ನು ಮುದ್ರಿಸಿಕೊಂಡನೆಂಬುದು ಸಂಗೀತರಸಿಕರಿಗೆ ತಿಳಿದ ಸಂಗತಿ. 1942ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಆತನು ಬೇರೊಂದು ಪ್ಲೇಟಿನ ಪ್ರಸ್ತಾಪವನ್ನೂ ಮಾಡಿದ್ದಾನೆ. ಬರ್ಟ್ ಶೆಪರ್ಡ್ ಎಂಬ ಅಮೆರಿಕದ ವಿನೋದಗಾಯಕನು ಲಂಡನ್ನಿನಲ್ಲಿ ಮುದ್ರಿಸಿದ ನಗೆಹಾಡು ಅದು. ಹಿಂದೂಸ್ಥಾನದ ಬಜಾರುಗಳಲ್ಲಿ ಜನರು ಗ್ರಾಮೋಫೋನಿನ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತು, ಈ ಪ್ಲೇಟನ್ನು ಕೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ. ಅದರ ಮಾರಾಟ ಐದು ಲಕ್ಷದಷ್ಟು ಎಂದು ಆತನ ಅಂದಾಜು. ಕೇಳುವವರಿಗೆ ಇಂಗ್ಲಿಷಿನ ಒಂದಕ್ಷರವೂ ತಿಳಿಯಬೇಕಾಗಿರಲಿಲ್ಲ, ನಗುವಿಗೆ ವ್ಯಾಕರಣವಿಲ್ಲವಷ್ಟೆ.

ಆದರೆ ಆ ನಗು ಮೂಲತಃ ಶೆಪರ್ಡನದಲ್ಲ. ಅದು ಜಾರ್ಜ್ ಡಬ್ಲ್ಯು. ಜಾನ್ಸನ್ ಎಂಬ ನೀಗ್ರೋ ಗಾಯಕನದು. ವರ್ಜೀನಿಯಾ ಸಂಸ್ಥಾನದಲ್ಲಿ, ಗುಲಾಮಗಿರಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, 1846ರ ಸುಮಾರಿಗೆ ಹುಟ್ಟಿದ ಈತನು ಮುಂದೆ ನ್ಯೂಯಾರ್ಕಿಗೆ ಬಂದು, ಜನ ಸೇರುವ ಕಡೆಗಳಲ್ಲಿ ಶಿಳ್ಳೆ ಹಾಕಿ, ಹಾಡಿ, ಎಸೆದ ಚಿಲ್ಲರೆಯಿಂದ ಹೊಟ್ಟೆ ಹೊರೆಯುತ್ತಿದ್ದನು. 1890ರಲ್ಲಿ ಫೋನೋಗ್ರಾಫ್ ವ್ಯಾಪಾರಿಗಳ ಕಣ್ಣು ಇವನ ಮೇಲೆ ಬಿತ್ತು. ಅಂದಿನ ಯಂತ್ರಗಳಿಗೆ ಎಲ್ಲ ಕಂಠಗಳೂ ಒಗ್ಗುತ್ತಿರಲಿಲ್ಲ. ಜಾನ್ಸನನ ಶಿಳ್ಳೆಯೂ ತಾಳಬದ್ಧವಾದ ನಗುವೂ ಮೇಣದ ಉರುಳೆಯ ಮೇಲೆ ಸ್ಫುಟವಾಗಿ ಮೂಡಿದುವು. ಸಂಭಾವನೆ ಒಂದು ಸಲದ ಹಾಡಿಕೆಗೆ ಇಪ್ಪತ್ತು ಸೆಂಟು.

ಇಲ್ಲಿ ಆ ಕಾಲದ ತಾಂತ್ರಿಕ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಒಂದು ಮುದ್ರಿಕೆಯಿಂದ ಸಾವಿರಾರು ಪ್ರತಿಗಳನ್ನು ತೆಗೆಯುವ ಉಪಾಯ ಆಗ ಬಳಕೆಗೆ ಬಂದಿರಲಿಲ್ಲ. ಗಾಯಕನ ಮುಂದೆ ಮೂರು ನಾಲ್ಕು ಯಂತ್ರಗಳನ್ನು ಜೋಡಿಸಿಟ್ಟರೆ, ಒಮ್ಮೆ ಹಾಡಿದಾಗ ಮೂರು ನಾಲ್ಕು ಉರುಳೆಗಳು ಸಿದ್ಧವಾಗುತ್ತಿದ್ದವು. ಇನ್ನಷ್ಟು ಬೇಕಾದರೆ ಇನ್ನೊಮ್ಮೆ ಹಾಡಬೇಕು, ಇನ್ನೊಮ್ಮೆ ನಗಬೇಕು. ಜಾನ್ಸನನು ಒಂದೇ ದಿನದಲ್ಲಿ ಐವತ್ತು ಸಲ ಒಂದೇ ಹಾಡನ್ನು ಹಾಡಿದ್ದುಂಟು. ಎದುರಿಗೆ ಸಭೆಯಿಲ್ಲ, ಪ್ರತಿನಗೆಯಿಲ್ಲ. ತಗಡಿನ ತುತ್ತೂರಿಯ ಬಾಯೊಂದೇ. ಹಾಡಿನಲ್ಲಿ ಪರಿಹಾಸಕ್ಕೆ ಗುರಿಯಾದವನಾದರೋ ತನ್ನಂಥ ಕರಿಯನೇ. ಆತನ ಉರುಳೆಗಳು ಅಮೆರಿಕದಲ್ಲಿ ಆಗ ಅತ್ಯಧಿಕವಾಗಿ ಮಾರಾಟವಾಗುತ್ತಿದ್ದವು. ಆ ಮಾರಾಟದಲ್ಲಿ ಆತನಿಗೆ ಪಾಲಿರಲಿಲ್ಲ.

ಕೂಲಿ ಅಲ್ಪವಾಗಿದ್ದರೂ ಯಂತ್ರದ ಕೊರತೆಯೇ ಅವನಿಗೆ ಕೆಲಸವನ್ನು ಕೊಡುತ್ತಿತ್ತು. ಪ್ರತಿ ತೆಗೆಯುವ ವಿದ್ಯೆ ಸುಧಾರಿಸಿದಾಗ ಒಂದು ಸಲ ನಕ್ಕರೆ ಸಾಕಾಯಿತು; ಜಾನ್ಸನನು ಬೇಡವಾದನು. ವೃತ್ತಿಬಾಂಧವನಾದ ಲೆನ್ ಸ್ಪೆನ್ಸರನ ಕಚೇರಿಯಲ್ಲಿ ಬಾಗಿಲು ಕಾಯುವ ಕೆಲಸ ದೊರೆಯಿತು. 1914ರ ಜನವರಿಯಲ್ಲಿ ಮೃತನಾದ ಆತನ ಗೋರಿಗೆ ಗುರುತಿನ ಫಲಕ ದೊರೆತದ್ದು ಸರಿಯಾಗಿ ನೂರು ವರ್ಷಗಳ ಮೇಲೆ, 2014ರಲ್ಲಿ. ನಮ್ಮ ಬಜಾರುಗಳಲ್ಲಿ ಬಿದ್ದು ಬಿದ್ದು ನಕ್ಕವರಿಗೆ ಈತನ ಹೆಸರು ತಿಳಿಯುವ ಮಾರ್ಗವೇ ಇರಲಿಲ್ಲ. ಪ್ಲೇಟಿನ ಮೇಲಿದ್ದುದು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ವೇಷದಲ್ಲಿ ಆಡುತ್ತಿದ್ದ ಬಿಳಿಯನ ಹೆಸರು.

ಗೈಸ್‌ಬರ್ಗನ ಬರಹದಲ್ಲಿ ಇನ್ನೊಂದು ಮಾತಿದೆ: ಹಿಂದೂಸ್ಥಾನದವರು ಮನಸಾರೆ ನಕ್ಕದ್ದನ್ನು ತಾನು ಕೇಳಿದ್ದು ಆ ಪ್ಲೇಟಿನ ಮುಂದೆ ಮಾತ್ರವಂತೆ! ಪುಣ್ಯಾತ್ಮನು ಗುಬ್ಬಿಯ ಕಡೆಗೆ ಬಂದಿರಲಿಲ್ಲವೆಂದು ತೋರುತ್ತದೆ.

ಗುಬ್ಬಿಯ ನಾಟಕ ಕಂಪನಿ ಚಂದಣ್ಣನವರ ನೇತೃತ್ವದಲ್ಲಿ 1884ರಲ್ಲಿ ಹುಟ್ಟಿತು. 1891ರಲ್ಲಿ ಜನಿಸಿದ ವೀರಣ್ಣನವರು ಆರೇಳು ವರ್ಷದ ಬಾಲಕನಾಗಿಯೇ ಅದನ್ನು ಸೇರಿದರು. ಬಾಲನಟರಾಗಿ ಪ್ರಾರಂಭಿಸಿ ಹಾಸ್ಯಪಾತ್ರಗಳಲ್ಲಿ ತಮ್ಮ ನೆಲೆಯನ್ನು ಕಂಡುಕೊಂಡರು. ರಾಜರಾಣಿಯರ ಪಾತ್ರಗಳು ಮುಖ್ಯವೆಂದೂ, ವಿದೂಷಕನು ದೃಶ್ಯ ಬದಲಾಯಿಸುವಾಗ ಹೊತ್ತು ತುಂಬಲು ಬರುವವನೆಂದೂ ಭಾವಿಸುವ ರಂಗಭೂಮಿಯಲ್ಲಿ, ಜನರು ಹಾಸ್ಯಗಾರನ ಹೆಸರನ್ನು ಕೇಳಿ ಟಿಕೇಟು ಕೊಳ್ಳುವಂತಾದದ್ದು ಸಾಮಾನ್ಯ ಸಂಗತಿಯಲ್ಲ. ‘ಸದಾರಮೆ’ಯ ಕಳ್ಳನ ಪಾತ್ರವೇ ಇದಕ್ಕೆ ನಿದರ್ಶನ. ಸದಾರಮೆಯನ್ನು ಅಪಹರಿಸಿ ತಂದ ಕಳ್ಳನು ಅವಳ ಜಾಣತನಕ್ಕೆ ತಾನೇ ಸೆರೆಯಾಗುತ್ತಾನೆ. ಕಥೆಯ ದೃಷ್ಟಿಯಿಂದ ಅವನು ದುಷ್ಟ. ವೀರಣ್ಣನವರ ಕೈಯಲ್ಲಿ ಅವನು ಇಡೀ ನಾಟಕದ ಜೀವವಾದನು.

ನಮ್ಮ ತಾತನವರು ಈ ಕಳ್ಳನನ್ನು ಹಲವು ಸಲ ಕಂಡವರು. ಹಬ್ಬದ ದಿನ ಊಟವಾದ ಮೇಲೆ ಮಕ್ಕಳ ಬಲವಂತಕ್ಕೆ ಎದ್ದು, ಹೆಗಲ ಮೇಲಿನ ಪಂಚೆಯನ್ನು ತಲೆಗೆ ಸುತ್ತಿ, ಕಳ್ಳನ ಪ್ರವೇಶವನ್ನು ಆಡಿ ತೋರಿಸುವರು. ನಾಲ್ಕನೆಯ ಮಾತಿನ ಹೊತ್ತಿಗೆ ತಮಗೇ ನಗು ತಡೆಯದೆ ಕುಳಿತುಬಿಡುವರು. ಮುಂದಿನ ಮಾತು ಏನೆಂಬುದು ನನಗೆ ಇಂದಿಗೂ ತಿಳಿಯದು.

ಜಾನ್ಸನನಿಗೂ ವೀರಣ್ಣನವರಿಗೂ ಇರುವ ಭೇದವನ್ನು ಪ್ರತಿಭೆಯಲ್ಲಿ ಹುಡುಕುವುದು ನ್ಯಾಯವಲ್ಲ. ಭೇದವಿರುವುದು ಲೆಕ್ಕದ ಪುಸ್ತಕದಲ್ಲಿ. 1917ರಲ್ಲಿ ಕಂಪನಿಯ ಆಡಳಿತವೇ ವೀರಣ್ಣನವರ ಕೈಗೆ ಬಂದಿತು. ಅಲ್ಲಿಂದ ಮುಂದೆ ನಗಿಸುವವನೂ ಅವರೇ, ನಗುವಿನ ಗಲ್ಲಾಪೆಟ್ಟಿಗೆಗೆ ಒಡೆಯರೂ ಅವರೇ. ಲಾಭದಂತೆ ನಷ್ಟವೂ ಅವರದೇ; ನೂರಾರು ಮಂದಿಯ ಅನ್ನದ ಹೊಣೆಯೂ ಅವರ ಮೇಲೆ ಬಿತ್ತು. ಬಂದ ಹಣವನ್ನು ಮತ್ತೆ ರಂಗಕ್ಕೇ ಸುರಿದರು. ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದರು, ಬಿ. ಜಯಮ್ಮನವರಂಥ ನಟಿಯರು ಬೆಳೆದುಬಂದರು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆಕುದುರೆಗಳು ರಂಗದ ಮೇಲೆ ಬಂದುವು. ಅಷ್ಟು ಆಡಂಬರವು ನಾಟಕಕ್ಕೆ ಅಗತ್ಯವೇ ಎಂದು ಕೇಳುವವರಲ್ಲಿ ನಾನೂ ಒಬ್ಬ; ಆದರೆ ಆನೆಯನ್ನು ತರುವ ನಿರ್ಧಾರ ಒಬ್ಬ ಹಾಸ್ಯನಟನ ಕೈಯಲ್ಲಿತ್ತೆಂಬುದನ್ನು ಮರೆಯಲಾಗದು.

ಯಂತ್ರದೊಡನೆ ವೀರಣ್ಣನವರ ವ್ಯವಹಾರ ಸ್ವಾರಸ್ಯವಾದುದು. ಮಾತಿನಿಂದ ಜನರನ್ನು ನಗಿಸುತ್ತಿದ್ದ ಇವರು ಮೊದಲು ಪ್ರವೇಶಿಸಿದ್ದು ಮಾತೇ ಇಲ್ಲದ ಚಲನಚಿತ್ರವನ್ನು! 1931ರ ‘ಹಿಸ್ ಲವ್ ಅಫೇರ್’ ಮೂಕಚಿತ್ರ. ಮರುವರ್ಷದ ‘ಹರಿಮಾಯಾ’ವೂ ಅಂತೆಯೇ. 1935ರಲ್ಲಿ ‘ಸದಾರಮೆ’ ವಾಕ್ಚಿತ್ರವಾದಾಗ ಅವರ ಧ್ವನಿಯೂ ಯಂತ್ರವನ್ನು ಸೇರಿತು. ಆದರೆ ಕಂಪನಿ ನಾಟಕವನ್ನು ಕಂಡವರಿಗೆ ಗೊತ್ತು: ಹಾಸ್ಯಗಾರನ ಅರ್ಧ ಮಾತು ಪುಸ್ತಕದಲ್ಲಿರುವುದಿಲ್ಲ. ಮುಂದಿನ ಸಾಲಿನ ಅಮಲ್ದಾರರ ಕೆಮ್ಮು, ಹಿಂದಿನ ನೆಲದ ಮೇಲಿನವರ ಕೂಗು, ಆ ದಿನದ ಸಂತೆಯ ಧಾರಣೆ, ಇವೆಲ್ಲ ಅವನಿಗೆ ಸಾಮಗ್ರಿ. ‘ಒನ್ಸ್ ಮೋರ್’ ಎಂದರೆ ಅದೇ ಮಾತು ಇನ್ನೊಂದು ಬಗೆಯಾಗಿ ಬರಬೇಕು. ಜಾನ್ಸನನಿಗೆ ಐವತ್ತು ಸಲವೂ ಒಂದೇ ನಗುವನ್ನು ನಗುವುದು ವೃತ್ತಿಧರ್ಮವಾಗಿತ್ತು. ಡೇರೆಯ ಹಾಸ್ಯಗಾರನು ಎರಡನೆಯ ರಾತ್ರಿ ಹಾಗೆ ಮಾಡಿದರೆ ಜನ ಎದ್ದುಹೋಗುವರು.

ಹೀಗಾಗಿ ವೀರಣ್ಣನವರ ನಗು ಪ್ಲೇಟುಗಳಿಗಿಂತ ಹೆಚ್ಚಾಗಿ ಮನುಷ್ಯರ ಮೂಲಕ ಸಾಗಿಬಂದಿತು. 1954ರಲ್ಲಿ ಅವರ ಗುಬ್ಬಿ ಕರ್ನಾಟಕ ಸಂಸ್ಥೆಯ ಮೂಲಕ ಬಂದ ‘ಬೇಡರ ಕಣ್ಣಪ್ಪ’ದಲ್ಲಿ, ಬಾಲ್ಯದಲ್ಲಿ ತಂದೆಯೊಡನೆ ಕಂಪನಿಯನ್ನು ಸೇರಿದ್ದ ರಾಜಕುಮಾರರು ನಾಯಕರಾದರು, ಮುಂದೆ ಕನ್ನಡ ಚಿತ್ರಗಳ ಹಾಸ್ಯವನ್ನೇ ಆಳಿದ ನರಸಿಂಹರಾಜು ಬೆಳ್ಳಿತೆರೆಗೆ ಬಂದರು. ಕಂಪನಿಗೆ ಓಡಿಬಂದ ಹುಡುಗ ಬಿ. ವಿ. ಕಾರಂತರನ್ನು ವೀರಣ್ಣನವರು ಮುಂದೆ ಕಾಶಿಗೆ ಕಳುಹಿಸಿ ಓದಿಸಿದರು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ಕಾಲವಾದರು.

ತಮ್ಮ ಮನೆಗಳಲ್ಲಿ ವೀರಣ್ಣನವರ ಕಳ್ಳನನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಇದ್ದಲ್ಲಿ, ದಯವಿಟ್ಟು ಅವರನ್ನು ಕುಳ್ಳಿರಿಸಿ ಕೇಳಿ, ಮಾತುಗಳನ್ನು ಬರೆದುಕೊಳ್ಳಿರಿ. ನಾಲ್ಕನೆಯ ಮಾತಿನ ಮುಂದೇನೆಂದು ಯಾರಿಗಾದರೂ ತಿಳಿದರೆ ನನಗೂ ಒಂದು ಕಾಗದ ಹಾಕಿರಿ.