ಊರು ಬಿಟ್ಟವನ ಹಲ್ಲಿನ ವೈದ್ಯ

ಮುಂಬಯಿ, ಪುಣೆಗಳಲ್ಲಿ ಮೂರು ದಶಕ ಕಳೆದ ನಮ್ಮವರಲ್ಲಿಯೂ ಅನೇಕರು ಹಲ್ಲಿನ ಕೆಲಸವನ್ನು ಮಾತ್ರ ಊರಿಗೆ ಹೋಗುವ ದಿನಕ್ಕೆ ಮುಂದೂಡುತ್ತಾರೆ. ಜ್ವರಕ್ಕೆ, ರಕ್ತದೊತ್ತಡಕ್ಕೆ ಇಲ್ಲಿನ ವೈದ್ಯರು ಸಾಕು. ಹಲ್ಲಿಗೆ ಹುಬ್ಬಳ್ಳಿಯ ಇಲ್ಲವೇ ಉಡುಪಿಯ ಪರಿಚಿತರೇ ಬೇಕು. ಇದು ಬರಿಯ ದುಡ್ಡಿನ ಲೆಕ್ಕವಲ್ಲ. ಹಲ್ಲು ‘ಜುಮ್ಮೆನ್ನುವುದಕ್ಕೂ’ ‘ಸಿಡಿಯುವುದಕ್ಕೂ’ ಇರುವ ವ್ಯತ್ಯಾಸವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ವಿವರಿಸುವಷ್ಟರಲ್ಲಿ ಮಾತು ತಡವರಿಸುತ್ತದೆ. ಬಾಯಿ ತೆರೆದ ಮೇಲಂತೂ ಮಾತೇ ಇಲ್ಲ. ನಮ್ಮ ಬಾಯಿಯ ಚರಿತ್ರೆಯನ್ನು ಬಲ್ಲ ಕೈಯೊಂದು ಬೇಕು ಎಂಬ ಈ ಹಂಬಲ ಜೀವನ್ಮರಣದ ಪ್ರಶ್ನೆಯಾಗಿ ಕಾಡಿದ ಪ್ರಸಂಗವೊಂದು ಇತಿಹಾಸದಲ್ಲಿದೆ. ಅದು ಸಿಗ್ಮಂಡ್ ಫ್ರಾಯ್ಡ್ ಅವರದು.

ಫ್ರಾಯ್ಡ್ ಅವರ ಬಾಯಿಯಲ್ಲಿ ಗಡ್ಡೆ ಕಾಣಿಸಿಕೊಂಡದ್ದು 1923ರಲ್ಲಿ. ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ನಡೆದ ಮೊದಲ ಶಸ್ತ್ರಚಿಕಿತ್ಸೆಯ ತರುವಾಯ ರಕ್ತಸ್ರಾವ ನಿಲ್ಲದೆ ಜೀವಕ್ಕೇ ಸಂಚಕಾರ ಬಂದಿತ್ತು. ಆ ಬಳಿಕ ಅವರ ಬಾಯಿ ಹಾನ್ಸ್ ಪಿಶ್ಲರ್ ಅವರ ವಶಕ್ಕೆ ಬಂತು. ಪಿಶ್ಲರ್ ಶಸ್ತ್ರವೈದ್ಯರು, ಶಿಕಾಗೋಗೆ ಹೋಗಿ ಆಧುನಿಕ ದಂತವೈದ್ಯಕ್ಕೆ ಅಡಿಪಾಯ ಹಾಕಿದ ಜಿ.ವಿ. ಬ್ಲ್ಯಾಕ್ ಅವರ ಬಳಿ ಹಲ್ಲಿನ ವಿದ್ಯೆಯನ್ನೂ ಕಲಿತು ಬಂದವರು. ಅದೇ ಅಕ್ಟೋಬರ್‌ನಲ್ಲಿ ಅವರು ಫ್ರಾಯ್ಡ್ ಅವರ ಬಲಭಾಗದ ಮೇಲ್ದವಡೆಯನ್ನೂ ಅಂಗುಳಿನ ಭಾಗವನ್ನೂ ತೆಗೆದುಹಾಕಿದರು. ಬಾಯಿಗೂ ಮೂಗಿಗೂ ನಡುವೆ ಗೋಡೆಯಿಲ್ಲದಂತಾಯಿತು. ಆ ತೆರಪನ್ನು ಮುಚ್ಚಲು ದೊಡ್ಡದೊಂದು ಕೃತಕ ದಂತಪಂಕ್ತಿಯಂಥ ಸಾಧನವನ್ನು ಅಳವಡಿಸಿದರು. ಮನೆಯಲ್ಲಿ ಅದಕ್ಕೆ ‘ರಾಕ್ಷಸ’ ಎಂದೇ ಹೆಸರು.

ಸಾಧನ ಬಿಗಿಯಾಗಿದ್ದರೆ ಹುಣ್ಣು, ಸಡಿಲವಾಗಿದ್ದರೆ ಮಾತೂ ಊಟವೂ ಅಸಾಧ್ಯ. ಅದನ್ನು ತೆಗೆದು ಮತ್ತೆ ಕೂರಿಸಲು ಒಮ್ಮೊಮ್ಮೆ ಅರ್ಧ ತಾಸು ಹಿಡಿಯುತ್ತಿತ್ತು. ಆ ಕೆಲಸಕ್ಕೆ ಮಗಳು ಆನಾ ನೆರವಾಗುತ್ತಿದ್ದರು. ಬಲಗಿವಿಯ ಶ್ರವಣಶಕ್ತಿಯೂ ಕುಂದಿತು. ಮಾತನ್ನೂ ಆಲಿಸುವಿಕೆಯನ್ನೂ ಚಿಕಿತ್ಸೆಯಾಗಿಸಿದ ವ್ಯಕ್ತಿಗೆ ಇವೆರಡೂ ಸಂಕಟವಾದುವು. ರೋಗಿಗಳ ಮಾತು ಎಡಗಿವಿಗೆ ಬೀಳುವಂತೆ ಮಂಚದ ಸ್ಥಾನವನ್ನು ಬದಲಿಸಬೇಕಾಯಿತು.

ಉತ್ತಮ ಸಾಧನಕ್ಕಾಗಿ ಫ್ರಾಯ್ಡ್ ಪರವೂರುಗಳ ವೈದ್ಯರನ್ನು ಆಶ್ರಯಿಸಿದ್ದೂ ಉಂಟು. 1928ರಲ್ಲಿ ಬರ್ಲಿನ್ನಿಗೆ ಹೋಗಿ ಪ್ರೊಫೆಸರ್ ಶ್ರೋಡರ್ ಅವರಿಂದ ಹೊಸದನ್ನು ಮಾಡಿಸಿಕೊಂಡರು. 1931ರಲ್ಲಿ ಹಾರ್ವರ್ಡ್‌ನ ಕಜಾಂಜಿಯನ್ ಅವರನ್ನು ಶಿಷ್ಯೆಯರು ವಿಯೆನ್ನಾಕ್ಕೆ ಕರೆತಂದರು. ಅವರ ಶುಲ್ಕ 6,000 ಡಾಲರ್. ಅದೂ ಪೂರ್ತಿ ಸಮಾಧಾನ ಕೊಡಲಿಲ್ಲ. ಕೊನೆಗೆ ತಿರುಗಿ ಬಂದದ್ದು ಪಿಶ್ಲರ್ ಅವರಲ್ಲಿಗೇ. ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಮಿಕ್ಕ ಶಸ್ತ್ರಚಿಕಿತ್ಸೆಗಳು ಆ ಬಾಯಿಯಲ್ಲಿ ನಡೆದುವು.

1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ಹೊಕ್ಕಿತು. ದೇಶ ಬಿಡುವ ಯಹೂದಿಗಳು ಅದಕ್ಕೂ ತೆರಿಗೆ ತೆರಬೇಕಾಗಿತ್ತು. ಅದನ್ನೂ ತೆತ್ತು, ಜೂನ್ 4ರಂದು ಎಂಬತ್ತೆರಡರ ಫ್ರಾಯ್ಡ್ ರೈಲು ಹತ್ತಿದರು. ಪ್ಯಾರಿಸ್ ಮಾರ್ಗವಾಗಿ 6ರಂದು ಲಂಡನ್ ಸೇರಿದರು. ಪುಸ್ತಕಗಳೂ ಪ್ರಾಚೀನ ಮೂರ್ತಿಗಳೂ ಹಿಂದಿನಿಂದ ಬಂದುವು. ಪಿಶ್ಲರ್ ವಿಯೆನ್ನಾದಲ್ಲಿಯೇ ಉಳಿದರು. ಲಂಡನ್ನಿನಲ್ಲಿ ಬಾಯಿಯ ಮೇಲ್ವಿಚಾರಣೆ ಪಿಶ್ಲರ್ ಅವರ ಬಳಿ ಕಲಿತಿದ್ದ ಎಕ್ಸ್ನರ್ ಅವರ ಪಾಲಿಗೆ ಬಂತು.

ಬೇಸಗೆ ಮುಗಿಯುವಷ್ಟರಲ್ಲಿ ಹೊಸ ಗಡ್ಡೆ ಕಾಣಿಸಿತು. ಆಗ ಪಿಶ್ಲರ್ ವಿಮಾನದಲ್ಲಿ ಲಂಡನ್ನಿಗೆ ಬಂದು, ಸೆಪ್ಟೆಂಬರ್ 8ರಂದು ಎರಡು ಗಂಟೆಗೂ ಮಿಕ್ಕಿ ಹಿಡಿದ ಶಸ್ತ್ರಚಿಕಿತ್ಸೆ ನಡೆಸಿ, ಮರುದಿನ ಹಿಂದಿರುಗಿದರು. ಯುರೋಪು ಯುದ್ಧದ ಅಂಚಿನಲ್ಲಿದ್ದ ತಿಂಗಳದು. ಮ್ಯೂನಿಕ್ ಒಪ್ಪಂದಕ್ಕೆ ಇನ್ನು ಮೂರು ವಾರವಿತ್ತು. ನಾತ್ಸಿ ಆಡಳಿತದ ನಗರದಿಂದ ವೈದ್ಯನೊಬ್ಬ ಬಂದು, ಆ ಆಡಳಿತ ಹೊರದೂಡಿದ ಯಹೂದಿ ರೋಗಿಯನ್ನು ಉಪಚರಿಸಿ ಹೋದನೆಂಬುದನ್ನು ನಾವು ಮರೆಯಬಾರದು.

ಆ ಬಳಿಕ ಪಿಶ್ಲರ್ ಬರಲಿಲ್ಲ. 1939ರ ಜನವರಿಯಲ್ಲಿ ಇನ್ನೊಂದು ಊತ ಕಾಣಿಸಿತು. ಆಪ್ತವೈದ್ಯ ಮ್ಯಾಕ್ಸ್ ಶುರ್ ವರ್ಷಗಳಿಂದ ಆ ಬಾಯಿಯನ್ನು ಕಂಡವರು; ಇದು ಕೇಡಿನದೇ ಎಂದು ಅವರಿಗೆ ಅನ್ನಿಸಿತು. ಎಕ್ಸ್ನರ್ ಅವರಿಗೂ ಹೆಸರಾಂತ ಶಸ್ತ್ರವೈದ್ಯ ವಿಲ್ಫ್ರೆಡ್ ಟ್ರಾಟರ್ ಅವರಿಗೂ ಅದು ಖಚಿತವಾಗಲಿಲ್ಲ, ಕಾದು ನೋಡುವುದೆಂದಾಯಿತು. ಅವರು ಅಸಮರ್ಥರೆಂದಲ್ಲ. ಹಳೆಯ ಕಲೆಗಳ ನಡುವೆ ಯಾವುದು ಹೊಸದು ಎಂಬುದು ಅದನ್ನು ಬಲುಕಾಲ ನೋಡಿದವರಿಗಲ್ಲದೆ ತಿಳಿಯುವಂತಿರಲಿಲ್ಲ. ಶುರ್ ವಿಯೆನ್ನಾಕ್ಕೆ ಪತ್ರ ಬರೆದು ಪಿಶ್ಲರ್ ಅವರ ಸಲಹೆ ಕೇಳಿದರು. ತಿಂಗಳ ಕೊನೆಗೆ ಎನ್ನುವುದಕ್ಕಿಂತ ಇನ್ನೂ ತಡವಾಗಿ, ಫೆಬ್ರವರಿಯ ಕೊನೆಗೆ, ಅದು ಕ್ಯಾನ್ಸರ್ ಎಂದು ದೃಢಪಟ್ಟಿತು. ಶಸ್ತ್ರಕ್ಕೆ ಎಟುಕುವ ಹಂತ ದಾಟಿತ್ತು. ಸೆಪ್ಟೆಂಬರ್ 23ರಂದು ಫ್ರಾಯ್ಡ್ ಕೊನೆಯುಸಿರೆಳೆದರು.

ಕಾಯಿಲೆ ಅದಾಗಲೇ ಹದಿನಾರು ವರ್ಷ ಹಳೆಯದು. ವಿಯೆನ್ನಾದಲ್ಲಿದ್ದಿದ್ದರೆ ಅವರು ಬದುಕುತ್ತಿದ್ದರೆನ್ನಲು ಆಧಾರವಿಲ್ಲ. ಆದರೂ ಆ ವಾರಗಳ ಅನಿಶ್ಚಯ ವಲಸೆಯ ಫಲವೇ ಆಗಿತ್ತು. ಊರು ಬಿಟ್ಟವನು ಮನೆ, ಭಾಷೆ, ನಂಟರನ್ನು ಕಳೆದುಕೊಳ್ಳುವುದನ್ನು ನಾವು ಬಹಳ ಬರೆದಿದ್ದೇವೆ. ತನ್ನ ದೇಹವನ್ನು ಬಲ್ಲವರನ್ನೂ ಅವನು ಕಳೆದುಕೊಳ್ಳುತ್ತಾನೆಂಬುದನ್ನು ಅಷ್ಟಾಗಿ ಬರೆದಿಲ್ಲ.

ಈ ವಿವರಗಳಲ್ಲಿ ಎಷ್ಟೋ ನಮಗೆ ದಕ್ಕಿರುವುದು ಪಿಶ್ಲರ್ ತಪ್ಪದೆ ಬರೆದಿಟ್ಟ ಟಿಪ್ಪಣಿಗಳಿಂದ. ಅರ್ನೆಸ್ಟ್ ಜೋನ್ಸ್ ತಾವು ಬರೆದ ಫ್ರಾಯ್ಡ್ ಚರಿತ್ರೆಯ ಮೂರನೆಯ ಸಂಪುಟಕ್ಕೆ ಅವನ್ನು ಅನುಬಂಧವಾಗಿಸಿದ್ದಾರೆ. ಮುಂದಿನ ಬಾರಿ ಊರಿಗೆ ಹೋದಾಗ ನಮ್ಮ ಹಲ್ಲಿನ ವೈದ್ಯರಲ್ಲಿಯೂ ನಮ್ಮ ಟಿಪ್ಪಣಿಗಳ, ಎಕ್ಸ್‌ರೇಗಳ ಪ್ರತಿಯನ್ನು ಕೇಳಿ ತರೋಣ. ಇಲ್ಲಿನ ವೈದ್ಯರಿಗೆ ನಮ್ಮ ಬಾಯಿಯ ಚರಿತ್ರೆ ತಿಳಿಯಲು ಅದಕ್ಕಿಂತ ಬೇರೆ ದಾರಿಯಿಲ್ಲ.